ಹಾಕದೇ ಉಳಿದ ಒಂದು ಟಿಕ್

"ಮೇಡಂ, ನಾನೇನೂ ಮುಟ್ಟಿಲ್ಲ. ಅದರಷ್ಟಕ್ಕೆ ಅದೇ ಓಡಾಡ್ತಾ ಇದೆ."

"ಓಡಾಡ್ತಾ ಇರೋದು ನಾನು. ನೀವು ಮೌಸ್ ಬಿಡಿ."

"ಬಿಟ್ಟೆ."

ಎಲ್ಲಿ ಬಿಟ್ಟ? ಕಚೇರಿಯಲ್ಲಿ ಕೂತೇ ಅವನ ಕಂಪ್ಯೂಟರಿನೊಳಗೆ ಹೊಕ್ಕಿದ್ದ ಅವಳು ಕರ್ಸರನ್ನು ಬಲಕ್ಕೆ ಎಳೆದರೆ ಅದು ಮೆಲ್ಲಗೆ ಎಡಕ್ಕೆ ಜಾರುತ್ತಿತ್ತು. ಮೇಲಕ್ಕೆ ತಂದರೆ ಕೆಳಕ್ಕೆ. ಆ ತುದಿಯಲ್ಲಿ, ಊರಿನ ಇನ್ನೊಂದು ಮೂಲೆಯ ಮನೆಯೊಂದರಲ್ಲಿ ಕೂತವನು ನಗುತ್ತಿದ್ದಾನೆ ಎಂದು ಫೋನಿನಲ್ಲೇ ಗೊತ್ತಾಗುತ್ತಿತ್ತು.

"ಬಿಡಿ ಅಂದೆನಲ್ಲ."

"ಕ್ಷಮಿಸಿ. ಹೊಸ ಪಾಸ್‌ವರ್ಡ್ ಹಾಕ್ಲಾ?"

"ಹಾಕಿ. ಒಂದು ದೊಡ್ಡಕ್ಷರ ಬೇಕು, ಒಂದು ಅಂಕಿ ಬೇಕು, ಒಂದು ಚಿಹ್ನೆ ಬೇಕು. ನಿಮ್ಮ ಹೆಸರು ಬರಬಾರದು, ಹಳೇದರ ಹಾಗೆ ಇರಬಾರದು."

"ಇಷ್ಟು ಷರತ್ತು ಹೆಣ್ಣು ಕೊಡೋರೂ ಹಾಕಲ್ಲ ಮೇಡಂ."

"ಎಷ್ಟು ಮನೇಲಿ ಕೇಳಿ ನೋಡಿದ್ದೀರಿ?"

"ಎಲ್ಲೂ ಕೇಳಿಲ್ಲ. ಪಾಸ್‌ವರ್ಡನ್ನೇ ನೆನಪಿಟ್ಕೊಳ್ಳಕ್ಕೆ ಆಗಲ್ಲ, ಇನ್ನು ಹೆಂಡತಿ ಹುಟ್ಟಿದ ದಿನ ಎಲ್ಲಿ ನೆನಪಿಟ್ಕೊಳ್ಲಿ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅರ್ಧ ಗೋಡೆಯಾಚೆಯ ಮೇಜಿನ ಅಕೌಂಟ್ಸ್ ಅಕ್ಕ ಕನ್ನಡಕದ ಮೇಲಿನಿಂದ ಇತ್ತ ನೋಡಿದಳು. ಕಚೇರಿಯಲ್ಲಿ ಇವಳು ನಕ್ಕಿದ್ದನ್ನು ಯಾರೂ ಅಷ್ಟಾಗಿ ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಕಂಪ್ಯೂಟರ್ ವಿಭಾಗ ಎಂದು ಬೋರ್ಡಿದ್ದ ಆ ಗೂಡಿನಲ್ಲಿ ಇದ್ದವಳು ಇವಳೊಬ್ಬಳೇ. ಯಾರ ಪ್ರಿಂಟರ್ ಮುನಿಸಿಕೊಂಡರೂ, ಯಾರ ಮೀಟಿಂಗಿನಲ್ಲಿ ದನಿ ಬರದೆ ಬಾಯಿ ಮಾತ್ರ ಆಡುತ್ತಿದ್ದರೂ ಇವಳ ಫೋನೇ ಬಡಿದುಕೊಳ್ಳಬೇಕು. ಎಲ್ಲರೂ ಅವಳನ್ನು ಪಾಸ್‌ವರ್ಡ್ ಮೇಡಂ ಎಂದೇ ಕರೆಯುತ್ತಿದ್ದರು. ಸಂಬಳದ ದಿನ ಬಿಟ್ಟರೆ ಅವಳ ನಿಜವಾದ ಹೆಸರಿನ ಗೊಡವೆ ಯಾರಿಗೂ ಇರಲಿಲ್ಲ.

ಫೋನಿನ ಆ ತುದಿಯಲ್ಲಿದ್ದವನಿಗೂ ಒಂದು ಅಡ್ಡಹೆಸರಿತ್ತು. ಪೆನ್ಸಿಲ್. ವಾಷಿಂಗ್ ಮೆಷೀನು, ಒಲೆ, ಫ್ಯಾನು ಇವುಗಳ ಜೊತೆ ಒಂದು ಪುಟ್ಟ ಕೈಪಿಡಿ ಬರುತ್ತದಲ್ಲ, ಪೆಟ್ಟಿಗೆ ಬಿಚ್ಚಿದ ಕೂಡಲೇ ನಾವು ಪಕ್ಕಕ್ಕೆಸೆಯುವಂಥದ್ದು, ಅದನ್ನು ಬರೆದುಕೊಡುವ ಕಂಪನಿ ಅವರದು. ಅದರಲ್ಲಿ ತಪ್ಪು ಹುಡುಕಿ ತಿದ್ದುವುದು ಅವನ ಕೆಲಸ. ಪರದೆಯ ಮೇಲೆ ಓದಿದರೆ ಅವನಿಗೆ ಒಂದು ತಪ್ಪೂ ಸಿಗುತ್ತಿರಲಿಲ್ಲವಂತೆ. ಎಲ್ಲವನ್ನೂ ಕಾಗದದ ಮೇಲೆ ಪ್ರಿಂಟ್ ತೆಗೆದು, ಪೆನ್ಸಿಲ್ ಹಿಡಿದು, ಗಟ್ಟಿಯಾಗಿ ಓದಬೇಕು.

ಆ ಗಟ್ಟಿ ಓದು ಒಮ್ಮೆ ಫೋನಿನಲ್ಲಿ ಅವಳ ಕಿವಿಗೂ ಬಿತ್ತು. ಅವಳು ಏನೋ ಅಪ್‌ಡೇಟ್ ಮಾಡುತ್ತಾ ಕಾಯುತ್ತಿದ್ದಳು. ಅವನು ಒಂದು ವಾಕ್ಯ ಓದುತ್ತಿದ್ದ. ಅದರ ಹಿಂದೆಯೇ ಇನ್ನೊಂದು ದನಿ, ದಪ್ಪ ನಾಲಿಗೆಯ ದನಿ, ಅದನ್ನೇ ತುಂಡು ತುಂಡಾಗಿ ಹೇಳುತ್ತಿತ್ತು.

"ಟೀವಿ ಹಾಕಿದ್ದೀರಾ?"

"ಇಲ್ಲ, ನಮ್ಮಪ್ಪ." ಅವನು ಓದು ನಿಲ್ಲಿಸಿದ. "ಸ್ಟ್ರೋಕ್ ಆಗಿ ಮಾತು ಹೋಗಿತ್ತು. ಯಾರಾದರೂ ಹೇಳಿಕೊಟ್ಟು ಹೇಳಿಸಬೇಕು, ದಿನಾ, ಬಿಡದೆ. ನಂಗೆ ಹೇಗಿದ್ರೂ ಗಟ್ಟಿಯಾಗಿ ಓದಲೇಬೇಕು. ನನ್ನ ಕೆಲಸಾನೂ ಆಗತ್ತೆ, ಅಪ್ಪನ ಪಾಠಾನೂ ಆಗತ್ತೆ. ಈಗ ನೀರು ಬೇಕು ಅಂತಾರೆ, ಫ್ಯಾನ್ ಹಾಕು ಅಂತಾರೆ. ಮೊನ್ನೆ ನನ್ನ ಬೈದ್ರು ಕೂಡ."

"ಏನಂತ?"

"ಅದನ್ನ ಆಫೀಸ್ ಫೋನಲ್ಲಿ ಹೇಳಂಗಿಲ್ಲ ಮೇಡಂ."

ಅಂದಿನಿಂದ ಅವಳು ಅವನ ಫೋನಿಗೆ ಕಾಯತೊಡಗಿದಳು. ಅವನು ಪಾಸ್‌ವರ್ಡ್ ಮರೆತರೆ ಅವಳಿಗೆ ಒಳಗೊಳಗೇ ಖುಷಿ. ಮರೆಯದೇ ಹೋದರೆ ಇದೇನಪ್ಪ, ಇವನಿಗೆ ಜ್ಞಾಪಕಶಕ್ತಿ ಬಂದುಬಿಟ್ಟಿತಾ ಎಂದು ಸಂಕಟ. ಇದೊಳ್ಳೆ ಹುಚ್ಚು ಎಂದು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಅವನ ಮುಖ ಕೂಡ ಸರಿಯಾಗಿ ಗೊತ್ತಿರಲಿಲ್ಲ. ಗುರುತಿನ ಚೀಟಿಯಲ್ಲಿ ಉಗುರಿನಷ್ಟು ಅಗಲದ ಒಂದು ಫೋಟೋ, ಅದರಲ್ಲೂ ಅರ್ಧ ನೆರಳು.

ಅಷ್ಟರಲ್ಲಿ ಕಂಪನಿಗೆ ಒಂದು ಹೊಸ ಸಾಫ್ಟ್‌ವೇರ್ ಬಂತು. ಯಾರು ಕೆಲಸ ಮಾಡುತ್ತಿದ್ದಾರೆ, ಯಾರು ಮಾಡುತ್ತಿಲ್ಲ ಎಂದು ಅದು ಕಾವಲು ಕಾಯುತ್ತದಂತೆ. ಕೀಬೋರ್ಡು, ಮೌಸು ಮುಟ್ಟುತ್ತಿದ್ದರೆ ಹೆಸರಿನ ಪಕ್ಕ ಹಸಿರು ಚುಕ್ಕಿ. ಸ್ವಲ್ಪ ಹೊತ್ತು ಮುಟ್ಟದಿದ್ದರೆ ಹಳದಿ. ಇನ್ನೂ ಮುಟ್ಟದಿದ್ದರೆ ಕೆಂಪು. ಯೋಚನೆ ಮಾಡುವವರಿಗೆ ಅದರಲ್ಲಿ ಬಣ್ಣವೇ ಇರಲಿಲ್ಲ. ಅಕೌಂಟ್ಸ್ ಅಕ್ಕ ಎರಡೇ ದಿನದಲ್ಲಿ ಉಪಾಯ ಕಂಡುಹಿಡಿದಳು. ಊಟಕ್ಕೆ ಹೋಗುವಾಗ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಮೌಸ್ ಕೂರಿಸಿ ಹೋಗುತ್ತಿದ್ದಳು. ಮುಳ್ಳು ತಿರುಗಿದಂತೆ ಕರ್ಸರ್ ಅಲ್ಲಾಡುತ್ತಿತ್ತು, ಚುಕ್ಕಿ ಹಸಿರಾಗಿಯೇ ಇರುತ್ತಿತ್ತು, ಅಕ್ಕ ನಿಶ್ಚಿಂತೆಯಿಂದ ಉಂಡು ಬರುತ್ತಿದ್ದಳು.

"ಕೆಂಪು ಬಿದ್ದೋರು ಮನೇಲಿ ಕೂತು ಕೆಲಸ ಮಾಡೋದು ಬೇಡ. ಇಲ್ಲಿಗೇ ಬರಲಿ," ಎಂದರು ಮ್ಯಾನೇಜರ್.

"ಕಾಗದದ ಮೇಲೆ ಓದೋರು ಇದಾರೆ ಸಾರ್. ಅವರು ಮೌಸೇ ಮುಟ್ಟಲ್ಲ."

"ಅಂಥವರಿಗೆ ವಿನಾಯಿತಿ ಕೊಡಿ. ಅದು ನಿಮ್ಮ ಕೈಲೇ ಇದೆಯಲ್ಲ, ನನ್ನ ತಲೆ ಯಾಕೆ ತಿಂತೀರಿ?"

ಅದು ಅವಳ ಕೈಲೇ ಇತ್ತು. ಒಬ್ಬೊಬ್ಬರ ಹೆಸರಿನ ಎದುರೂ ಒಂದು ಖಾಲಿ ಚೌಕ. ಅದರಲ್ಲಿ ಟಿಕ್ ಹಾಕಿದರೆ ಆಯಿತು, ಆ ಮನುಷ್ಯನ ಗೋಜಿಗೆ ಸಾಫ್ಟ್‌ವೇರ್ ಹೋಗುವುದಿಲ್ಲ. ಚಿತ್ರ ಬಿಡಿಸುವ ಇಬ್ಬರಿಗೆ ಹಾಕಿದಳು. ಪೆನ್ಸಿಲ್‌ನ ಮನವಿಯೂ ಬಂದಿತ್ತು. ನಾನು ಕಾಗದದ ಮೇಲೆ ಓದುವವನು, ದಯವಿಟ್ಟು ಗಮನಿಸಿ, ಅಪ್ಪನ ವಿಷಯ ತಮಗೆ ಗೊತ್ತೇ ಇದೆ. ಕೆಳಗೆ ಒಂದು ಸಾಲು ಸೇರಿಸಿದ್ದ. ಸದ್ಯಕ್ಕೆ ನನ್ನ ಅಕ್ಕ ರಜೆ ಹಾಕಿ ಅಪ್ಪನ ಜೊತೆ ಇರಲು ಬಂದಿದ್ದಾಳೆ, ಆದ್ದರಿಂದ ತೀರಾ ತುರ್ತಿಲ್ಲ.

ತೀರಾ ತುರ್ತಿಲ್ಲ. ಆ ಎರಡು ಪದಗಳೇ ಅವಳನ್ನು ಕೆಡಿಸಿದ್ದು.

ಕರ್ಸರ್ ಚೌಕದ ಮೇಲೇ ಇತ್ತು. ಒಂದು ಸಲ ಬರಲಿ, ಮನಸ್ಸು ಪಿಸುಗುಟ್ಟಿತು. ಒಂದೇ ಸಲ. ನೋಡಿದ ಮೇಲೆ ಟಿಕ್ ಹಾಕಿದರಾಯಿತು, ಯಾರ ಗಂಟು ಹೋಗುತ್ತದೆ? ಅವಳು ಪರದೆಯ ಮೇಲಿನ ಆ ಪಟ್ಟಿಯನ್ನು ಮುಚ್ಚಿ ಎದ್ದು ಕಾಫಿ ತರಲು ಹೋದಳು.

ಸೋಮವಾರ ಅವನು ಬಂದ.

ಉದ್ದ ಮನುಷ್ಯ. ಬಾಗಿಲ ಚೌಕಟ್ಟಿಗೆ ತಲೆ ತಾಗೀತೆಂದು ಅಭ್ಯಾಸಬಲದಿಂದ ಸ್ವಲ್ಪ ಬಗ್ಗಿಯೇ ಒಳಗೆ ಬಂದ. ಕಿವಿಯ ಮೇಲೆ ನಿಜವಾಗಿಯೂ ಪೆನ್ಸಿಲ್ ಇತ್ತು. ಅವಳನ್ನು ನೋಡಿದ, ಮೇಜಿನ ಮೇಲಿದ್ದ ಮೌಸ್ ನೋಡಿದ, ಮತ್ತೆ ಅವಳನ್ನು ನೋಡಿದ.

"ನೀವೇನಾ ನನ್ನ ಮೌಸ್ ಕಿತ್ಕೊಂಡು ಎಳೆದಾಡೋರು?"

"ನೀವೇನಾ ಬಿಟ್ಟೆ ಅಂತ ಹೇಳಿ ಬಿಡದೇ ಇರೋರು?"

ಅವನು ನಕ್ಕ. ನಗುವಾಗ ಮೊದಲು ಎಡಗಣ್ಣು ಸಣ್ಣದಾಗುತ್ತಿತ್ತು, ಆಮೇಲೆ ಬಲಗಣ್ಣು. ಫೋನಿನಲ್ಲಿ ಇದೊಂದು ಗೊತ್ತಾಗಿರಲಿಲ್ಲ. ಅವಳು ಮುಖ ಕೆಂಪಾಗುವುದನ್ನು ಮರೆಮಾಚಲು ಮೇಜಿನ ಕೆಳಗೆ ಬಗ್ಗಿ ಯಾವುದೋ ವೈರನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ಅಕೌಂಟ್ಸ್ ಅಕ್ಕನ ಕಂಪ್ಯೂಟರ್ ಆರಿಹೋಯಿತು.

"ನನ್ನ ಮನವಿ ಏನಾಯ್ತು ಮೇಡಂ?"

"ಪ್ರೋಸೆಸ್‌ನಲ್ಲಿದೆ."

ಹೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ಆಡಿಯಾಗಿತ್ತು, ಮತ್ತು ಕಚೇರಿಗಳಲ್ಲಿ ಆ ಮಾತಿಗೆ ಎದುರು ಪ್ರಶ್ನೆ ಕೇಳುವ ರೂಢಿಯೇ ಇಲ್ಲ.

ಮಂಗಳವಾರವೂ ಕೇಳಿದ. ಬುಧವಾರವೂ ಕೇಳಿದ. ಪ್ರತಿಸಲವೂ ಅದೇ ಉತ್ತರ. ಪ್ರತಿಸಲವೂ ನಾಳೆ ಖಂಡಿತ ಎಂದು ಅವಳು ತನಗೆ ತಾನೇ ಆಣೆ ಹಾಕಿಕೊಳ್ಳುತ್ತಿದ್ದಳು. ನಾಳೆ ಬಂದರೆ, ಅವನು ಎರಡು ಲೋಟ ಕಾಫಿ ಹಿಡಿದು, ಮೊಣಕೈಯಿಂದ ಬಾಗಿಲು ನೂಕಿ, ಬಗ್ಗಿ ಒಳಗೆ ಬರುತ್ತಿದ್ದ. ಕೂರಲು ಬೇರೆ ಕುರ್ಚಿ ಇಲ್ಲದೆ ಹಳೇ ಮಾನಿಟರುಗಳ ಪೆಟ್ಟಿಗೆಯ ಮೇಲೆ ಕೂರುತ್ತಿದ್ದ. ಒಲೆಯ ಕೈಪಿಡಿ ತೆಗೆದು ಓದಿ ತೋರಿಸುತ್ತಿದ್ದ.

"'ಒಲೆ ಬಿಸಿಯಾಗಿರುವಾಗ ಒಳಗೆ ತಲೆ ಹಾಕಬೇಡಿ.' ಯಾರು ಹಾಕ್ತಾರೆ ಮೇಡಂ? ಹಾಕೋ ಅಂಥವನು ಇದನ್ನ ಓದ್ತಾನಾ?"

"ನೀವು ಹಾಕಿದ್ರೂ ಹಾಕ್ತೀರಿ, ಪಾಸ್‌ವರ್ಡ್ ಅಲ್ಲಿದೆಯಾ ನೋಡೋಣ ಅಂತ."

ಅವನು ಪೆಟ್ಟಿಗೆಯ ಮೇಲೆ ಹಿಂದಕ್ಕೆ ವಾಲಿ ನಗುತ್ತಿದ್ದ. ನಗು ನಿಂತ ಮೇಲೂ ಅವಳನ್ನೇ ನೋಡುತ್ತಿದ್ದ. ಅವಳು ಕಣ್ಣು ತಪ್ಪಿಸುತ್ತಿದ್ದಳು, ಪರದೆಯ ಗಾಜಿನಲ್ಲಿ ಕಾಣುವ ಅವನ ಮುಖವನ್ನು ಕದ್ದು ನೋಡುತ್ತಿದ್ದಳು. ಗಾಜಿನೊಳಗಿನ ಅವನು ಅವಳನ್ನು ನೋಡಿ ಹುಬ್ಬು ಹಾರಿಸುತ್ತಿದ್ದ. ಸಿಕ್ಕಿಬಿದ್ದಳಲ್ಲ.

ಹೀಗೇ ದಿನ ಕಳೆಯಿತು. ತನ್ನ ಅಕ್ಕನ ರಜೆ ಮುಗಿದು ಅವಳು ತನ್ನೂರಿಗೆ ಹೋದಳೆಂದೂ, ಹಗಲಿಗೆ ಒಬ್ಬ ಆಯಾ ಗೊತ್ತುಮಾಡಿದ್ದಾನೆಂದೂ ಅವನೇ ಹೇಳಿದ. ಆಗಲಾದರೂ ಅವಳು ಟಿಕ್ ಹಾಕಬೇಕಿತ್ತು. ಹಾಕಲಿಲ್ಲ. ಆಯಾ ಇದ್ದಾರಲ್ಲ ಎಂದುಕೊಂಡಳು. ಮನುಷ್ಯ ತನಗೆ ಬೇಕಾದದ್ದಕ್ಕೆ ನೆಪ ಹುಡುಕಲು ಕೂತರೆ ನೆಪಕ್ಕೇನು ಬರವೇ? ಆದರೆ ರುಚಿಯಾಗಿದ್ದ ಕಾಫಿ ಕಹಿಯಾಗತೊಡಗಿತ್ತು. ಅವನು ಒಂದೊಂದು ಸಲ ನಕ್ಕಾಗಲೂ ಈ ನಗು ಕದ್ದ ಮಾಲು ಎಂದು ಅವಳಿಗೆ ಅನಿಸುತ್ತಿತ್ತು.

ಮತ್ತೊಂದು ವಿಷಯ ಅವಳ ಗಮನಕ್ಕೆ ಬಂತು. ಅವನು ಮನವಿಯ ಬಗ್ಗೆ ಕೇಳುವುದನ್ನು ನಿಲ್ಲಿಸಿದ್ದ. ತನ್ನ ಮೇಲೆ ಅಷ್ಟು ನಂಬಿಕೆ ಎಂದುಕೊಂಡಳು. ಅದು ಇನ್ನಷ್ಟು ಚುಚ್ಚಿತು.

ಒಂದು ದಿನ ಊಟದ ಹೊತ್ತಿಗೆ ಅವನು ಡಬ್ಬಿ ತೆರೆದಿಟ್ಟು ಹಾಗೇ ಕೂತಿದ್ದ.

"ಯಾಕೆ, ಹಸಿವಿಲ್ವಾ?"

"ಅಪ್ಪ ಈಗ ಬೆರಳು ತೋರಿಸ್ತಾರೆ," ಎಂದ.

"ಅಂದ್ರೆ?"

"ನೀರು ಬೇಕಾದ್ರೆ ಲೋಟದ ಕಡೆ ತೋರಿಸ್ತಾರೆ. ಆಯಾ ಪಾಪ ಒಳ್ಳೇವರು, ಕೇಳೋಕ್ಕಿಂತ ಮುಂಚೆ ತಂದು ಕೊಡ್ತಾರೆ. ಮಾತಾಡೋ ಅವಶ್ಯಕತೇನೇ ಬೀಳ್ತಾ ಇಲ್ಲ. ನಾನು ಮನೆಗೆ ಹೋಗೋಷ್ಟರಲ್ಲಿ ಅವರಿಗೆ ಸುಸ್ತಾಗಿರತ್ತೆ. ನಿನ್ನೆ ಹೇಳಿಸೋಕೆ ಹೋದೆ. ನಾಲಿಗೆ ತಿರುಗಲಿಲ್ಲ. ಬಿಡು ಅನ್ನೋ ಹಾಗೆ ಕೈ ಆಡಿಸಿ ಗೋಡೆ ಕಡೆ ತಿರುಗಿಕೊಂಡ್ರು." ಅವನು ಡಬ್ಬಿಯ ಮುಚ್ಚಳ ಹಾಕಿದ. "ಬೈಯೋದಕ್ಕಾದ್ರೂ ಬಾಯಿ ಬಿಡಲಿ ಅಂತ ಬೇಕುಬೇಕಂತಲೇ ಲೋಟ ಬೀಳಿಸಿದೆ. ಬೈಯ್ಯಲಿಲ್ಲ."

ಅವಳು ಅರ್ಧಕ್ಕೇ ಊಟ ಬಿಟ್ಟಳು. ಎದ್ದು ಕೈ ತೊಳೆದು ತನ್ನ ಗೂಡಿಗೆ ಬಂದಳು. ವಿನಾಯಿತಿಯ ಪಟ್ಟಿ ತೆರೆದಳು, ಅವನ ಹೆಸರು ಹುಡುಕಿದಳು, ಚೌಕದ ಮೇಲೆ ಒತ್ತಿದಳು. ಅಷ್ಟೇ. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತಿನ ಕೆಲಸ. ಅಷ್ಟು ಸಣ್ಣ ಕೆಲಸವನ್ನು ಮಾಡದೆ ಒಬ್ಬ ಮುದುಕನ ಬಾಯಿಂದ ಮಾತು ಕಿತ್ತುಕೊಂಡೆನಲ್ಲ ಎಂದು ಮುಖ ಮುಚ್ಚಿಕೊಂಡು ಕೂತಳು.

ಸ್ವಲ್ಪ ಹೊತ್ತಿಗೇ ಅವನು ಓಡಿ ಬಂದ. ಮಂಜೂರಾದ ಸಂದೇಶ ಅವನ ಫೋನಿಗೆ ಹೋಗಿತ್ತು. ಬಗ್ಗುವುದು ಮರೆತು ಚೌಕಟ್ಟಿಗೆ ಹಣೆ ಬಡಿಸಿಕೊಂಡ.

"ಮ್ಯಾನೇಜರ್ ಹತ್ರ ಜಗಳ ಆಡಿ ಮಾಡಿಸಿದ್ರಾ? ನಿಮ್ಮ ಋಣ ನಾನು ಹೇಗೆ ತೀರಿಸ್ಲಿ ಹೇಳಿ."

ಅವಳು ಬೈಗುಳವನ್ನಾದರೂ ತಡೆದುಕೊಳ್ಳುತ್ತಿದ್ದಳು. ಇದನ್ನು ತಡೆದುಕೊಳ್ಳಲಾಗಲಿಲ್ಲ.

"ಜಗಳ ಆಡೋದಕ್ಕೆ ಏನೂ ಇರಲಿಲ್ಲ. ಮೊದಲಿಂದಲೂ ಅದು ನನ್ನ ಕೈಲೇ ಇತ್ತು." ಇನ್ನೊಂದು ಮಾತು ಬಾಯಿಯವರೆಗೂ ಬಂತು, ಅದನ್ನು ನುಂಗಿ ಬೇರೊಂದು ಹೇಳಿದಳು. "ಮರೆತುಬಿಟ್ಟಿದ್ದೆ."

"ಮರೆತಿದ್ರಾ."

"ಹೂಂ."

"ನಾನು ದಿನಾ ಕೇಳ್ತಾ ಇದ್ದಾಗಲೂ?"

ಅವಳು ಪರದೆಯ ಕಡೆ ತಿರುಗಿದಳು. ಅವನು ಹಣೆ ಸವರಿಕೊಳ್ಳುತ್ತಾ ಒಂದು ಕ್ಷಣ ನಿಂತ. ಪೆಟ್ಟಿಗೆಯ ಮೇಲಿದ್ದ ತನ್ನ ಕಾಗದಗಳನ್ನು ಜೋಡಿಸಿಕೊಂಡ. ಬರ್ತೀನಿ ಎಂದು ಕೂಡ ಹೇಳದೆ ಹೊರಟುಹೋದ.

ಆಮೇಲೆ ಫೋನು ಬರಲಿಲ್ಲ. ಅವನು ಒಂದು ಪಾಸ್‌ವರ್ಡನ್ನೂ ಮರೆಯಲಿಲ್ಲ. ಅವಳು ಕೆಲಸದಲ್ಲಿ ಮುಳುಗಿದಂತೆ ನಟಿಸಿದಳು. ಮ್ಯಾನೇಜರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವರು ಒಂದು ನೋಟಿಸ್ ಕೊಟ್ಟರು. ತೆಗೆದುಕೊಂಡಳು, ಆದರೆ ಮನಸ್ಸು ಹಗುರಾಗಲಿಲ್ಲ. ಆಗುವುದಾದರೂ ಹೇಗೆ? ಅವಳು ತಪ್ಪು ಮಾಡಿದ್ದು ಮ್ಯಾನೇಜರಿಗಲ್ಲ.

"ಹೋಗಿ ಕ್ಷಮೆ ಕೇಳ್ಕೋ," ಎಂದಳು ಅಕೌಂಟ್ಸ್ ಅಕ್ಕ, ಗಡಿಯಾರ ಕಟ್ಟಿಕೊಳ್ಳುತ್ತಾ.

"ಏನಂತ ಹೋಗ್ಲಿ ಅಕ್ಕ? ಲ್ಯಾಪ್‌ಟಾಪ್ ನೋಡೋಕೆ ಬಂದೆ ಅಂತಲಾ?"

"ಇನ್ನೂ ಒಂದು ಸುಳ್ಳು ಬೇಕಾ ನಿಂಗೆ? ಸುಮ್ನೆ ಹೋಗು."

ಭಾನುವಾರ ಹೋದಳು. ಎರಡನೇ ಮಹಡಿಯ ಸಣ್ಣ ಮನೆ. ಬಾಗಿಲು ತೆರೆದವನು ಅವಳನ್ನು ಕಂಡು ಪಕ್ಕಕ್ಕೆ ಸರಿದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಪ್ಪ ಕೂತಿದ್ದರು. ಮೊಣಕಾಲ ಮೇಲೆ ಹೊದಿಕೆ, ಒಂದು ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಮೇಜಿನ ತುಂಬ ಪ್ರಿಂಟ್ ತೆಗೆದ ಹಾಳೆಗಳು.

"ಅಪ್ಪ, ಇವರು ನಮ್ಮ ಆಫೀಸಿನವರು," ಎಂದ ಅವನು. ದನಿಯಲ್ಲಿ ಬಿಸಿಯೂ ಇರಲಿಲ್ಲ, ತಂಪೂ ಇರಲಿಲ್ಲ.

ಅವಳು ಕುರ್ಚಿಯ ಮುಂದೆ ನೆಲದ ಮೇಲೇ ಕೂತಳು. ನಿಂತು ಹೇಳುವ ಮಾತಲ್ಲ ಅದು.

"ಇವರು ನಿಮ್ಮ ಜೊತೆ ಮನೇಲಿ ಇರಬಹುದಿತ್ತು. ಒಂದು ಅನುಮತಿ ಕೊಡಬೇಕಿತ್ತು, ಅದನ್ನ ಕೊಡಬೇಕಾದವಳು ನಾನು. ಕೊಡಲಿಲ್ಲ. ನಿಮಗೆ ಮಾತು ನಿಂತುಹೋಗಿದ್ದು ನನ್ನಿಂದ. ದೊಡ್ಡ ತಪ್ಪಾಯ್ತು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ಅಪ್ಪ ಅವಳನ್ನು ನೋಡಿದರು. ತುಟಿ ಅಲ್ಲಾಡಿತು. ಏನೂ ಬರಲಿಲ್ಲ. ಮತ್ತೆ ಅಲ್ಲಾಡಿತು. ಕುತ್ತಿಗೆಯ ನರ ಬಿಗಿಯಿತು, ಸರಿಯಿದ್ದ ಕೈ ಕುರ್ಚಿಯ ಹಿಡಿ ಹಿಡಿದುಕೊಂಡಿತು. ಪೆನ್ಸಿಲ್ ಒಂದು ಹೆಜ್ಜೆ ಮುಂದೆ ಬಂದು ನಿಂತ, ಸಹಾಯಕ್ಕೆ ಹೋಗಲಿಲ್ಲ. ಕೋಣೆಯಲ್ಲಿ ಮೂವರೂ ಆ ಒಂದು ಪದಕ್ಕೆ ಕಾಯುತ್ತಿದ್ದರು.

"ಯಾ... ಯಾಕೆ?" ಎಂದರು ಅಪ್ಪ.

ಮರೆತೆ ಎಂದು ಹೇಳಬಹುದಿತ್ತು. ಒಮ್ಮೆ ಹೇಳಿ ರೂಢಿಯಾಗಿತ್ತು. ಆದರೆ ಒಂದು ಪದಕ್ಕೆ ಇಷ್ಟು ಬೆವರಿದ ಮನುಷ್ಯನ ಮುಂದೆ ಸುಳ್ಳು ಹೇಳಲು ಅವಳ ನಾಲಿಗೆ ಏಳಲಿಲ್ಲ.

"ಇವರನ್ನ ನೋಡಬೇಕು ಅನ್ನಿಸ್ತು," ಎಂದಳು. ಬೆನ್ನ ಹಿಂದೆ ಅವನಿದ್ದಾನೆಂದು ಗೊತ್ತಿದ್ದೂ ತಿರುಗಲಿಲ್ಲ. "ಬರೀ ಫೋನಲ್ಲಿ ದನಿ ಕೇಳಿ ಕೇಳಿ ಸಾಕಾಗಿತ್ತು. ಒಂದು ಸಲ ಬರಲಿ ಅಂತ ತಡೆದೆ. ಬಂದ ಮೇಲೆ ಕಳಿಸೋಕೆ ಮನಸ್ಸಾಗಲಿಲ್ಲ. ನಾಳೆ ನಾಳೆ ಅಂತ ತಳ್ಳಿದೆ. ನಾನು ಏನೂ ಮರೆತಿರಲಿಲ್ಲ. ಇವರ ಮೇಲೆ ನಂಗೆ ಅಷ್ಟು ಆಸೆ ಆಗಿತ್ತು. ಆ ಆಸೆಗೆ ನಿಮ್ಮನ್ನ ಬಲಿ ಕೊಟ್ಟೆ."

ಹೇಳಿ ಮುಗಿಸಿ ಎದ್ದಳು. ಕಣ್ಣು ಒರೆಸಿಕೊಳ್ಳಲೂ ನಿಲ್ಲದೆ ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದಳು. ಮೊದಲನೇ ಮಹಡಿಯ ತಿರುವಿನಲ್ಲಿ ಹಿಂದಿನಿಂದ ಹೆಜ್ಜೆಯ ಸದ್ದು ಕೇಳಿತು.

"ನಿಲ್ಲಿ."

ನಿಂತಳು. ಅವನು ಎರಡು ಮೆಟ್ಟಿಲು ಮೇಲೆಯೇ ನಿಂತ. ಏದುಸಿರು ಬಿಡುತ್ತಿದ್ದ.

"ಕೋಪ ಬಂದಿದೆ ನಂಗೆ."

"ಬರಲೇಬೇಕು."

"ತುಂಬಾ ಬಂದಿದೆ. ಅಪ್ಪ ಗೋಡೆ ಕಡೆ ತಿರುಗಿದ್ದನ್ನ ನಾನು ನೋಡಿದೀನಿ, ನೀವು ನೋಡಿಲ್ಲ." ಅವನು ಗೋಡೆಗೆ ಒರಗಿದ. "ಆದರೆ ನಾನು ಕೇಳೋದು ಯಾಕೆ ಬಿಟ್ಟೆ ಅಂತ ಯೋಚನೆ ಮಾಡಿದೀರಾ?"

"ನನ್ನ ನಂಬಿದ್ರಿ."

"ನಂಬಿಕೆ ಅಲ್ಲ. ಆಯ್ತು ಅಂತ ಎಲ್ಲಿ ಹೇಳಿಬಿಡ್ತೀರೋ ಅಂತ ಭಯ."

ಅವಳು ತಲೆಯೆತ್ತಿ ನೋಡಿದಳು.

"ಮೊದಲನೇ ವಾರ ಬೈಕೊಂಡು ಬರ್ತಿದ್ದೆ. ಆಮೇಲೆ ಬೆಳಿಗ್ಗೆ ಎದ್ದು ಷರ್ಟಿಗೆ ಇಸ್ತ್ರಿ ಹಾಕೋಕೆ ಶುರು ಮಾಡಿದೆ. ಅಪ್ಪ ಆಯಾ ಎದುರು ಬಾಯಿ ಮುಚ್ಕೊಂಡು ಕೂತಿರೋರು. ಗೊತ್ತಿತ್ತು ನಂಗೆ. ಗೊತ್ತಿದ್ದೂ ಬಸ್ ಹತ್ತೋವಾಗ ಖುಷಿಯಾಗ್ತಿತ್ತು. ಮ್ಯಾನೇಜರ್ ಹತ್ರ ಒಂದು ಮಾತು ಕೇಳಿದ್ರೆ ಮುಗೀತಿತ್ತು, ಕೇಳಲಿಲ್ಲ. ಎಲ್ಲ ನಿಮ್ಮ ಮೇಲೆ ಹಾಕಿ ಮುಖ ಊದಿಸ್ಕೊಂಡು ಬಂದುಬಿಟ್ಟೆ. ನನ್ನ ತಪ್ಪನ್ನ ಮುಚ್ಚೋಕೆ ನಿಮ್ಮದು ಸಿಕ್ಕಿತ್ತು, ಅಷ್ಟೇ."

ಕೆಳಗಿನ ಮನೆಯ ಬಾಗಿಲು ಅರ್ಧ ತೆರೆದು, ಇಬ್ಬರನ್ನೂ ನೋಡಿ ಮತ್ತೆ ಮುಚ್ಚಿಕೊಂಡಿತು.

"ಈಗ ಏನು ಮಾಡೋದು?" ಎಂದಳು ಅವಳು. ದನಿ ಮಗುವಿನ ದನಿಯಷ್ಟು ಸಣ್ಣದಾಗಿತ್ತು.

"ನೀವು ಹೇಳಿಬಿಟ್ರಿ. ಹಗುರ ಆದ್ರಿ. ನಾನಿನ್ನೂ ಹೇಳಿಲ್ಲ." ಅವನು ಎರಡು ಮೆಟ್ಟಿಲಿಳಿದು ಅವಳ ಸಮಕ್ಕೆ ಬಂದ. ಕೈ ಚಾಚಿದ. ಬೆರಳ ತುದಿಯಲ್ಲಿ ಪೆನ್ಸಿಲಿನ ಕಪ್ಪು ಅಂಟಿತ್ತು. "ಒಬ್ಬನೇ ಹೋಗಿ ಹೇಳೋಕೆ ಧೈರ್ಯ ಇಲ್ಲ. ಪಕ್ಕದಲ್ಲಿ ಇರ್ತೀರಾ?"

"ಎಷ್ಟು ಹೊತ್ತು?"

"ಕೋಪ ಹೋಗೋವರೆಗೂ. ಬೇಗ ಹೋಗೋ ಹಾಗೆ ಕಾಣಲ್ಲ. ವರ್ಷಗಟ್ಟಲೆ ಆಗಬಹುದು."

ಅವಳು ಅಳುತ್ತಲೇ ನಕ್ಕಳು, ಅವನ ಕೈ ಹಿಡಿದಳು. ಇಬ್ಬರೂ ಮೆಟ್ಟಿಲು ಹತ್ತಿದರು. ಬಾಗಿಲು ತೆರೆದೇ ಇತ್ತು. ಅಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಬಾಗಿಲನ್ನೇ ಕಾಯುತ್ತಿದ್ದರು. ಅವರ ಕಣ್ಣು ಮೊದಲು ಹಿಡಿದುಕೊಂಡಿದ್ದ ಕೈಗಳ ಮೇಲೆ ನಿಂತಿತು, ಆಮೇಲೆ ಮಗನ ಮುಖಕ್ಕೆ ಬಂತು.

"ಅಪ್ಪ," ಎಂದ ಅವನು. "ನಂದೂ ಒಂದು ತಪ್ಪಿದೆ."